ತ್ರಿವಿಕ್ರಮರಾಯರನ್ನು ಬಾವಿಗೆ ತಳ್ಳಿದವರು

ನಮ್ಮ ಪಕ್ಕದ ಮನೆಯ ಗೋಪಾಲಕೃಷ್ಣನ ಮಗಳ ನಿಶ್ಚಿತಾರ್ಥ ಒಂದು ಕೊಲೆಯಿಂದಾಗಿ ಮುರಿದುಬಿತ್ತು ಎಂದು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಈಗಲೂ ಹೇಳುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಕೊಲೆ ಆದದ್ದು ನಿಜ, ಆದರೆ ಕಾದಂಬರಿಯಲ್ಲಿ. ನಿಶ್ಚಿತಾರ್ಥ ಮುರಿದದ್ದೂ ನಿಜ, ಆದರೆ ಕೆಲವು ದಿನಗಳ ಮಟ್ಟಿಗೆ. ಈ ಎರಡರ ನಡುವೆ ಓಡಾಡಿದ ಕಾರು ನನ್ನದು, ಪೆಟ್ರೋಲೂ ನನ್ನದೇ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುವ ಹಕ್ಕು ಬೇರೆಯವರಿಗಿಂತ ನನಗೆ ಹೆಚ್ಚಾಗಿದೆ ಎಂದು ತಿಳಿದಿದ್ದೇನೆ. ನನ್ನ ಹೆಸರು ಚಿದಾನಂದಪ್ಪ, ಪಂಪ್‌ಸೆಟ್ ಅಂಗಡಿ ಇಟ್ಟಿದ್ದೇನೆ.

ಗೋಪಾಲಕೃಷ್ಣ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಲಂಚ ಮುಟ್ಟಿದವನಲ್ಲ, ಬೀದಿಯಲ್ಲಿ ಜಗಳ ಆಡಿದವನಲ್ಲ. ಅವನಿಗಿದ್ದ ಚಟ ಒಂದೇ, ಕಾದಂಬರಿ. ಅದರಲ್ಲೂ ಅಜ್ಜ, ಮಗ, ಮೊಮ್ಮಗ ಎಂದು ತಲೆಮಾರುಗಟ್ಟಲೆ ಸಾಗುವ, ಒಳಗೊಂದು ಮನೆತನದ ಗುಟ್ಟು ಹೂತಿಟ್ಟಿರುವ ದಪ್ಪ ಕಾದಂಬರಿ ಕೈಗೆ ಸಿಕ್ಕರೆ ಅವನು ಮನುಷ್ಯರ ಲೆಕ್ಕದಲ್ಲಿ ಇರುತ್ತಿರಲಿಲ್ಲ. ಒಮ್ಮೆ ಅವರ ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿ ಗ್ಯಾಸ್ ವಾಸನೆ ನಮ್ಮ ಪಡಸಾಲೆಗೆ ಬಂತು. ನಾನು ಕಾಂಪೌಂಡ್ ಹಾರಿ ಹೋಗಿ ಒಲೆ ಬಂದ್ ಮಾಡಿದರೆ, ಅಲ್ಲೇ ಕುರ್ಚಿಯಲ್ಲಿದ್ದ ಗೋಪಾಲಕೃಷ್ಣ ಪುಟದಿಂದ ತಲೆ ಎತ್ತದೆ “ಬರ್ರಿ, ಕೂಡ್ರಿ” ಎಂದ. ಆವತ್ತು ಸಂಜೆಯೇ ಅವನ ಹೆಂಡತಿ ತುಳಸಮ್ಮನವರು ಅವನನ್ನು ರಾಯರ ಮಠಕ್ಕೆ ಕರೆದುಕೊಂಡು ಹೋಗಿ, ಮಗಳ ಮದುವೆ ಆಗುವವರೆಗೆ ಕಾದಂಬರಿ ಮುಟ್ಟುವುದಿಲ್ಲ ಎಂದು ಬೃಂದಾವನದ ಮುಂದೆ ಆಣೆ ಮಾಡಿಸಿದರು.

ಆಣೆ ಮಾಡಿದ ಮನುಷ್ಯ ನಬೀಸಾಬನ ಅಂಗಡಿಯ ದಾರಿಯನ್ನೇ ಬಿಡಬೇಕಿತ್ತು. ಬಿಡುವಂತಿರಲಿಲ್ಲ, ಏಕೆಂದರೆ ಕಚೇರಿಯ ರಿಜಿಸ್ಟರುಗಳಿಗೆ ರಟ್ಟು ಕಟ್ಟುವವನು ನಬೀಸಾಬನೇ. ಅವನು ಹಳೆಯ ಪುಸ್ತಕಗಳನ್ನು ಕೊಂಡು, ಹರಿದದ್ದನ್ನು ಹೊಲಿದು, ಬೇಕಾದವರಿಗೆ ಓದಲು ಕೊಡುವುದೂ ಉಂಟು. ಅವನದೊಂದು ಪದ್ಧತಿ ಇದೆ. ಪುಸ್ತಕ ವಿಪರೀತ ದಪ್ಪವಾಗಿದ್ದರೆ ಬಿಚ್ಚಿ, ಭಾಗ ಮಾಡಿ, ಬೇರೆ ಬೇರೆ ರಟ್ಟು ಹಾಕಿಬಿಡುತ್ತಾನೆ. ಒಬ್ಬನೇ ತಿಂಗಳುಗಟ್ಟಲೆ ಇಟ್ಟುಕೊಂಡು ಕೂತರೆ ಉಳಿದವರು ಏನು ಮಾಡಬೇಕು ಎಂಬುದು ಅವನ ನ್ಯಾಯ.

“ಹೊಸಾದು ಬಂದೈತಿ ನೋಡ್ರಿ,” ಎಂದು ನಬೀಸಾಬ್ ಗೋಪಾಲಕೃಷ್ಣನ ಮುಂದೆ ಎರಡು ಪುಸ್ತಕ ಇಟ್ಟ. “ಮೂರು ತಲಿಮಾರಿನ ಕಥಿ. ಅಜ್ಜಂದು ಒಂದು ಭಾಗ, ಮಗಂದು ಒಂದು, ಮೊಮ್ಮಗಂದು ಒಂದು ಮಾಡೀನಿ. ಅಜ್ಜ ತ್ರಿವಿಕ್ರಮರಾಯನ್ನ ಯಾರೋ ಬಾವಿಗೆ ತಳ್ಳಿರ್ತಾರ. ಯಾರು ಅಂಬೋದು ಮೂರನೇದರಾಗ ಐತಿ. ಅದು ಬ್ಯಾರೆಯವರು ಒಯ್ದಾರ, ಬರತೈತಿ.”

“ನಾ ರಾಯರ ಮುಂದ ಆಣಿ ಮಾಡೀನಿ ನಬೀಸಾಬ್. ಕಾದಂಬರಿ ಮುಟ್ಟೋಹಂಗಿಲ್ಲ.”

“ಇದು ಪೂರಾ ಕಾದಂಬರಿ ಎಲ್ಲೈತ್ರಿ. ಮೂರರಾಗ ಎರಡು ಪಾಲು ಐತಿ ಅಷ್ಟ.”

ಈ ವಾದ ಗೋಪಾಲಕೃಷ್ಣನ ಮನಸ್ಸಿಗೆ ಬಹಳ ಹಿಡಿಸಿತು. ಕಚೇರಿ ರಿಜಿಸ್ಟರಿಗೆ ಹಾಕುವ ಕೆಂಪು ಬಟ್ಟೆಯ ರಟ್ಟನ್ನೇ ನಬೀಸಾಬ್ ಕಾದಂಬರಿಗೂ ಹಾಕಿದ್ದರಿಂದ ಮನೆಯಲ್ಲಿ ಯಾರೂ ಕೇಳುವ ಪ್ರಸಂಗವೇ ಬರಲಿಲ್ಲ. ಗಂಡ ಮಗಳ ಮದುವೆಗೆ ರಜೆ ಬೇಕೆಂದು ಕಚೇರಿಯ ಕೆಲಸ ಮನೆಗೆ ತಂದು ಮುಗಿಸುತ್ತಿದ್ದಾರೆ ಎಂದು ತುಳಸಮ್ಮನವರು ನನ್ನ ಹೆಂಡತಿಯ ಮುಂದೆ ಹೆಮ್ಮೆಪಟ್ಟುಕೊಂಡರು.

ನಿಶ್ಚಿತಾರ್ಥದ ದಿನ ಬಂತು. ಹುಡುಗ ವೇದವ್ಯಾಸ, ಸಿರುಗುಪ್ಪದ ಕಾಲೇಜಿನಲ್ಲಿ ಮೇಷ್ಟ್ರು. ಗೋಪಾಲಕೃಷ್ಣನ ಮಗಳು ಶ್ರೀವಾಣಿ ಬಳ್ಳಾರಿಯ ಹೈಸ್ಕೂಲಿನಲ್ಲಿ ಟೀಚರು. ಜಾತಕ ಕೂಡಿಸಿದ್ದು ಆಮೇಲೆ, ಅವರಿಬ್ಬರೂ ಒಬ್ಬರನ್ನೊಬ್ಬರು ಒಪ್ಪಿದ್ದು ಮೊದಲೇ. ಇದು ತಪ್ಪಿದರೆ ತಾನು ಇನ್ನೊಬ್ಬರ ಮುಂದೆ ಉಪ್ಪಿಟ್ಟಿನ ತಟ್ಟೆ ಹಿಡಿದು ಬರುವವಳಲ್ಲ ಎಂದು ಆ ಹುಡುಗಿ ನನ್ನ ಹೆಂಡತಿಗೆ ಸ್ಪಷ್ಟವಾಗಿ ಹೇಳಿದ್ದಳು. ಹೇಳಿದಂತೆ ನಡೆಯುವ ಹುಡುಗಿ ಅವಳು.

ಹುಡುಗನ ಕಡೆಯಿಂದ ಬಂದವರಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಹುಡುಗನ ಅಜ್ಜ ಹನುಮೇಶಾಚಾರ್ಯರಿಗೆ. ನಿವೃತ್ತ ಹೆಡ್‌ಮಾಸ್ಟರು. ಕೂತರೂ ಬೆನ್ನು ಕುರ್ಚಿಗೆ ತಾಗಿಸದ ಮನುಷ್ಯ. ಟೀಪಾಯಿಯ ಮೇಲಿದ್ದ ವಾರಪತ್ರಿಕೆಯನ್ನು ಬೆರಳ ತುದಿಯಿಂದ ಆಚೆ ಸರಿಸಿ, “ಇದು ಕಥಿ ಕಾದಂಬರಿ ಓದೋರ ಮನಿ ಅಲ್ಲಲ್ಲ?” ಎಂದು ಕೇಳಿದರು.

“ಛೇ ಛೇ, ಇಲ್ರಿ,” ಎಂದ ಗೋಪಾಲಕೃಷ್ಣ.

“ನಮ್ಮ ಮನ್ಯಾಗ ಅದಕ್ಕ ಪ್ರವೇಶ ಇಲ್ಲ. ಸೊಸಿ ತವರಿನಿಂದ ನಾಲ್ಕು ಕಾದಂಬರಿ ತಂದಿದ್ಲು, ರದ್ದಿಯವನಿಗೆ ಹಾಕಿಸಿಬಿಟ್ಟೆ.” ಹುಡುಗನ ತಾಯಿ ಸುಧಾರಾಣಿ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದರು. “ಇನ್ನೊಂದು ಮಾತು. ತಮ್ಮ ಹಿರಿಯರ ಹೆಸರು ತಟ್ಟನೆ ಹೇಳಲಿಕ್ಕೆ ಬರದವರ ಮನ್ಯಾಗ ನಾನು ನೀರು ಸಹಿತ ಮುಟ್ಟೋದಿಲ್ಲ.”

ಗೋಪಾಲಕೃಷ್ಣ ಗಂಭೀರವಾಗಿ ತಲೆಯಾಡಿಸಿ ಹೆಗಲಿನ ಶಾಲು ಸರಿಪಡಿಸಿಕೊಂಡ. ಆದರೆ ಅವನ ತಲೆ ಅಲ್ಲಿರಲಿಲ್ಲ. ಎರಡನೆಯ ಭಾಗದ ಕೊನೆಯ ಅಧ್ಯಾಯವನ್ನು ಆವತ್ತು ಬೆಳಿಗ್ಗೆ ಬಚ್ಚಲಲ್ಲಿ ಕೂತು ಮುಗಿಸಿ ಬಂದಿದ್ದ.

ಇವರಲ್ಲಿ ನಿಶ್ಚಯ ಮಾಡುವಾಗ ಇಂಥವರ ಮರಿಮಗಳು, ಇಂಥವರ ಮೊಮ್ಮಗಳು, ಇಂಥವರ ಮಗಳು ಎಂದು ಮೂರು ತಲೆಮಾರು ಹೇಳಿ, ಅದೇ ರೀತಿ ಹುಡುಗನದನ್ನೂ ಹೇಳುತ್ತಾರೆ. ಆಮೇಲೆ ಎರಡೂ ಕಡೆಯವರು ತಟ್ಟೆ ಬದಲಾಯಿಸಿಕೊಂಡರೆ ಮುಗಿಯಿತು. ಸುಧಾರಾಣಿ ಸೀರೆ, ಹಣ್ಣು, ತೆಂಗಿನಕಾಯಿಯ ತಟ್ಟೆ ಎತ್ತಿ ಹಿಡಿದರು. ಪುರೋಹಿತರು ಗೋಪಾಲಕೃಷ್ಣನ ಕಡೆ ತಿರುಗಿ “ಹುಡುಗಿ ಮುತ್ತಜ್ಜನ ಹೆಸರು?” ಎಂದರು.

“ತ್ರಿವಿಕ್ರಮರಾಯ,” ಎಂದ ಗೋಪಾಲಕೃಷ್ಣ.

ಪುರೋಹಿತರು ಮಂತ್ರ ನಿಲ್ಲಿಸಿದರು. “ನಿಮ್ಮಜ್ಜ ಪ್ರಾಣೇಶರಾಯರಲ್ರಿ? ವರ್ಷಾ ವರ್ಷಾ ಶ್ರಾದ್ಧ ನಾನೇ ಮಾಡಿಸೀನಿ.”

 ಗೋಪಾಲಕೃಷ್ಣ ಬಾಯಿ ತಪ್ಪಿತು ಎಂದು ಒಂದು ಮಾತು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿದು, ಹೋಳಿಗೆ ಊಟ ಮಾಡಿ ನಾವೆಲ್ಲ ಮಧ್ಯಾಹ್ನ ಮಲಗಬಹುದಿತ್ತು. ಆದರೆ ಎದುರಿಗೆ ಹನುಮೇಶಾಚಾರ್ಯರು ಕೂತಿದ್ದರು, ಪಕ್ಕದಲ್ಲಿ ನೀರಿನ ಲೋಟ ಇನ್ನೂ ತುಂಬಿಯೇ ಇತ್ತು. ಗೋಪಾಲಕೃಷ್ಣ ನೀರಿನ ಲೋಟವನ್ನೂ ಅವರನ್ನೂ ನೋಡಿದ.

“ಎರಡೂ ಖರೇನ ರೀ. ಪ್ರಾಣೇಶರಾಯ ಅನ್ನೋದು ದತ್ತಕ ಬಂದ ಮ್ಯಾಲಿನ ಹೆಸರು. ಹುಟ್ಟಿದ ಹೆಸರು ತ್ರಿವಿಕ್ರಮರಾಯ.”

ನಮ್ಮಂಥವರಿಗೆ ಇದರಲ್ಲೇನು ಎನಿಸಬಹುದು. ಅವರಲ್ಲಿ ಹಾಗಲ್ಲ. ದತ್ತು ಹೋದವನಿಗೆ ಹೋದ ಮನೆಯ ಗೋತ್ರ ಬಂದರೂ ಹುಟ್ಟಿದ ಮನೆಯ ಗೋತ್ರ ಬೆನ್ನು ಬಿಡುವುದಿಲ್ಲ. ಒಂದೇ ಗೋತ್ರದವರು ಅಣ್ಣತಂಗಿಯರ ಲೆಕ್ಕ, ಅವರಲ್ಲಿ ಲಗ್ನ ಕೂಡದು. ಹಾಗಾಗಿ ಮದುವೆ ಮಾಡುವಾಗ ಎರಡೂ ಗೋತ್ರ ನೋಡಬೇಕು. ಪುರೋಹಿತರು ನ್ಯಾಯವಾಗಿಯೇ “ಹುಟ್ಟಿದ ಮನಿ ಗೋತ್ರ ಯಾವುದ್ರಿ?” ಎಂದು ಕೇಳಿದರು.

ಗೋಪಾಲಕೃಷ್ಣ ಸುಳ್ಳು ಹೇಳಿ ಅಭ್ಯಾಸ ಇಲ್ಲದವನು. ಹೊಸ ಗೋತ್ರ ಹುಟ್ಟಿಸಲು ಅವನಿಗೆ ಧೈರ್ಯ ಸಾಲಲಿಲ್ಲ. ಕಾದಂಬರಿಯಲ್ಲಿ ಇದ್ದದ್ದನ್ನೇ ಹೇಳಿದ. “ಭಾರದ್ವಾಜ.”

ಸುಧಾರಾಣಿ ಎತ್ತಿದ ತಟ್ಟೆ ಗಾಳಿಯಲ್ಲೇ ನಿಂತಿತು. ಹುಡುಗನ ಮನೆಯವರದು ಭಾರದ್ವಾಜ ಗೋತ್ರ.

ವೇದವ್ಯಾಸ ಶ್ರೀವಾಣಿಯನ್ನು ನೋಡಿದ, ಶ್ರೀವಾಣಿ ತನ್ನ ತಂದೆಯನ್ನು ನೋಡಿದಳು. ಎಲ್ಲರೂ ಹನುಮೇಶಾಚಾರ್ಯರು ಎದ್ದು ಹೊರಡುತ್ತಾರೆ ಎಂದು ಕಾದರು. ಅವರು ಏಳಲಿಲ್ಲ. ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. 

“ಯಾವ ತ್ರಿವಿಕ್ರಮರಾಯರು? ಹೆಂಗ ತೀರಿಕೊಂಡ್ರು?”

“ಬಾವಿಗೆ ಬಿದ್ದು ರೀ,” ಎಂದ ಗೋಪಾಲಕೃಷ್ಣ, ಬೆವರು ಒರೆಸಿಕೊಳ್ಳುತ್ತ.

“ಬಿದ್ರೋ, ಯಾರಾದ್ರೂ ತಳ್ಳಿದ್ರೋ?”

“ಅದು ಇನ್ನೂ ಗೊತ್ತಾಗಿಲ್ರಿ.”

ಒಳಗೆ ತುಳಸಮ್ಮನವರ ಕೈಯಿಂದ ಪಾಯಸದ ಸೌಟು ಜಾರಿ ಬಿದ್ದ ಸದ್ದು ಕೇಳಿತು. ಹನುಮೇಶಾಚಾರ್ಯರು ಕೋಲು ಹಿಡಿದು ಎದ್ದರು. “ಇವತ್ತು ನಿಶ್ಚಯ ಬ್ಯಾಡ. ಐತವಾರ ಸಿರುಗುಪ್ಪಕ್ಕ ಬರ್ರಿ. ಈ ವಿಷಯ ನಾನು ನಿಮ್ಮ ಹತ್ರ ಕೂತು ಮಾತಾಡಬೇಕು,” ಎಂದು ಹೇಳಿ ಹೊರಟುಬಿಟ್ಟರು. ಬಂದವರು ಊಟ ಮಾಡದೆ ಹೋದರು. ಅಷ್ಟೂ ಹೋಳಿಗೆಯನ್ನು ತುಳಸಮ್ಮನವರು ಕಣ್ಣೀರು ಹಾಕುತ್ತ ಓಣಿಗೆಲ್ಲ ಹಂಚಿದರು. ನಮ್ಮ ಮನೆಗೂ ಬಂತು, ನಾನೂ ದುಃಖದಿಂದಲೇ ತಿಂದೆ.

ಹೋಳಿಗೆಯ ಜೊತೆ ಸುದ್ದಿಯೂ ಮನೆಮನೆಗೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಗೋಪಾಲಕೃಷ್ಣನ ಅಜ್ಜ ದತ್ತಕ ಬಂದವನಾಗಿದ್ದ. ಸಂಜೆ ಹಾಲು ಹಾಕಲು ಬಂದ ಕೆಂಚಣ್ಣ, “ಅವರ ಅಜ್ಜನ್ನ ಬಾವಿಗೆ ಹಾಕಿ ಬ್ಯಾರೆ ಯಾವನೋ ಆ ಹೆಸರು ಇಟ್ಕೊಂಡು ಸಂಸಾರ ಮಾಡ್ಯಾನಂತಲ್ರಿ,” ಎಂದು ನನಗೇ ಹೇಳಿದ. ಓಣಿಯ ತುದಿಯಲ್ಲಿರುವ ಪೊಲೀಸ್ ಪೇದೆ ಹುಲುಗೇಶ್ ಮರುದಿನ ಗೋಪಾಲಕೃಷ್ಣನನ್ನು ಬೈಕಿನಲ್ಲಿ ಅಡ್ಡಗಟ್ಟಿ, ಆ ಬಾವಿ ಯಾವ ಠಾಣೆಯ ಸರಹದ್ದಿನಲ್ಲಿ ಬರುತ್ತದೆ ಎಂದು ಬಹಳ ವಿನಯದಿಂದ ವಿಚಾರಿಸಿದ. ತುಳಸಮ್ಮನವರು ಕೇಳಿದಾಗ ಗೋಪಾಲಕೃಷ್ಣ, ಅಪ್ಪ ಸಾಯುವಾಗ ಕಿವಿಯಲ್ಲಿ ಹೇಳಿದ ಗುಟ್ಟು ಅದು ಎಂದು ಇನ್ನೊಂದು ಸುಳ್ಳು ಸೇರಿಸಿದ.

ಅಪ್ಪನನ್ನು ಎಳೆದುಕೊಂಡು ಶ್ರೀವಾಣಿ ನಮ್ಮ ಮನೆಗೆ ಬಂದಳು. “ಕಾಕಾ, ತ್ರಿವಿಕ್ರಮರಾಯ ಅನ್ನೋರು ನಮ್ಮ ವಂಶದಾಗ ಯಾರೂ ಇಲ್ಲ. ಅಪ್ಪ ಕಾದಂಬರಿ ಓದ್ಲಿಕ್ಕೆ ಹತ್ಯಾರ. ಅವರು ರಿಜಿಸ್ಟರ್ ಅಂತ ಹಿಡ್ಕೊಂಡು ಕೂಡ್ತಾರಲ್ಲ, ರಿಜಿಸ್ಟರ್ ಓದಿ ಯಾರಾದ್ರೂ ಅಳ್ತಾರೇನ್ರಿ?”

“ಹಂಗಿದ್ರ ಖರೇ ಹೇಳಿಬಿಡ್ರಲ್ಲ, ಮುಗೀತು,” ಎಂದೆ ನಾನು.

“ಯಾರಿಗಂತ ಹೇಳ್ಲಿ ಚಿದಾನಂದಪ್ಪಾರ? ಇಕಿ ಅವ್ವಗ ಹೇಳಿದ್ರ ರಾಯರ ಮುಂದಿನ ಆಣಿ ಮುರಿದವ ಆಗ್ತೀನಿ. ಆ ಆಚಾರ್ರಿಗೆ ಹೇಳಿದ್ರ ಕಾದಂಬರಿ ಓದೋವನ ಮಗಳನ್ನ ಮನಿಗೆ ತರ್ತಾರೇನ್ರಿ ಅವರು?”

ಶ್ರೀವಾಣಿಯ ಕಣ್ಣುಗಳು ಕೆಂಪಗಿದ್ದವು. “ನಿಮಗ ನಿಮ್ಮ ಅಂಜಿಕಿ ದೊಡ್ಡದೋ ನಾನು ದೊಡ್ಡಾಕಿನೋ, ಅಷ್ಟು ಹೇಳ್ರಿ ಅಪ್ಪ,” ಎಂದಳು.  ನನಗೆ ಆ ಹುಡುಗಿಯನ್ನು ನೋಡಿ ಪಾಪ ಎನಿಸಿತು.

ಕೊನೆಗೆ ಗೋಪಾಲಕೃಷ್ಣನೇ ಒಂದು ದಾರಿ ಹುಡುಕಿದ. ಅವನ ಅಜ್ಜ ಪ್ರಾಣೇಶರಾಯರ ಮಗಳು ಅಂಬಾಬಾಯಿ, ಅಂದರೆ ಅವನ ಸೋದರತ್ತೆ, ಕುರುಗೋಡಿನಲ್ಲಿ ಬಸವೇಶ್ವರ ಗುಡಿಯ ಹತ್ತಿರ ಮಗನ ಮನೆಯಲ್ಲಿದ್ದರು. ಎಂಬತ್ತು ದಾಟಿದ ಹೆಂಗಸು. ಮಂಡಿನೋವಿನಿಂದ ನಿಶ್ಚಿತಾರ್ಥಕ್ಕೆ ಬಂದಿರಲಿಲ್ಲ. ಆಕೆ ಸಿರುಗುಪ್ಪಕ್ಕೆ ಬಂದು ‘ನಮ್ಮಪ್ಪ ದತ್ತಕ ಬಂದವನಲ್ಲ, ಇವನಿಗೆ ತಪ್ಪು ತಿಳುವಳಿಕೆ’ ಎಂದು ಹೇಳಿದರೆ ಕಾದಂಬರಿಯ ಹೆಸರೇ ಎತ್ತದೆ ಎಲ್ಲ ಸರಿಹೋಗುತ್ತದೆ ಎಂದು ಅವನ ಲೆಕ್ಕ. ನನಗೂ ಸರಿ ಎನಿಸಿತು. ಆಚಾರ್ಯರು ಹೇಳಿದ ಭಾನುವಾರ ಅಪ್ಪ, ಅಮ್ಮ, ಮಗಳನ್ನು ಕಾರಿನಲ್ಲಿ ಹಾಕಿಕೊಂಡು ಕುರುಗೋಡಿಗೆ ಹೊರಟೆ.

ಫೋನಿನಲ್ಲಿ ವಿಷಯ ಕೇಳಿದ್ದ ಅಂಬತ್ತೆ ಕಟ್ಟೆಯ ಮೇಲೆ ಕೂತು ನಮಗಾಗಿಯೇ ಕಾಯುತ್ತಿದ್ದರು. “ಲೇ ಗೋಪ್ಯಾ,” ಎಂದರು, “ನಮ್ಮಪ್ಪನ್ನ ದತ್ತಕ ಕೊಟ್ಟವ ಯಾವನಲೇ? ಅವನ ಹೆಸರು ಹೇಳು, ಅವನ ಮನಿ ಮುಂದ ಹೋಗಿ ಕೂಡ್ತೀನಿ.”

“ಅದನ್ನ ಸಿರುಗುಪ್ಪದಾಗ ಹಿಂಗ ಹೇಳು ಅತ್ತಿ. ಅಷ್ಟ ಸಾಕು.”

ಅಲ್ಲಿಯವರೆಗೆ ಎಲ್ಲ ನೆಟ್ಟಗಿತ್ತು. ಕಾರು ಊರು ದಾಟಿದ ಮೇಲೆ ತುಳಸಮ್ಮನವರು, “ಆದ್ರ ಅತ್ತಿ, ನಮ್ಮ ಮಾವನವರು ಸಾಯೋ ಮುಂದ ಇವರ ಕಿವ್ಯಾಗ ಹೇಳ್ಯಾರಂತ. ಸಾಯೋರು ಸುಳ್ಳು ಹೇಳ್ತಾರೇನ್ರಿ?” ಎಂದುಬಿಟ್ಟರು.

 ಅಂಬತ್ತೆಗೆ ಅದು ತಮ್ಮ ಅಣ್ಣನೇ ಹೇಳಿದ ಮಾತು ಎಂದ ಮೇಲೆ ತಳ್ಳಿಹಾಕುವಂತಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, “ನಮ್ಮಪ್ಪಗ ಬದನಿಕಾಯಿ ಸೇರ್ತಿದ್ದಿಲ್ಲ,” ಎಂದರು. “ನಮ್ಮ ಮನಿತನದಾಗ ಬದನಿಕಾಯಿ ಸೇರದವರು ಯಾರೂ ಇಲ್ಲ.”

“ಹಂಗೇನಿಲ್ಲ ಅತ್ತಿ,” ಎಂದ ಗೋಪಾಲಕೃಷ್ಣ.

“ನೀ ಸುಮ್ನಿರು. ದಾಯಾದಿಗಳೊಳಗ ಅವನೊಬ್ಬನ ಎತ್ತರ. ಬಾವಿ ಹತ್ರ ಎಂದೂ ಹೋಗ್ತಿದ್ದಿಲ್ಲ, ನೀರು ಒಳಗ ತರಿಸ್ಕೊಂಡು ಸ್ನಾನ ಮಾಡ್ತಿದ್ದ. ಯಾಕ ಹೋಗ್ತಿದ್ದಿಲ್ಲ ಅಂತ ನಾ ಒಂದಿನ ಸಹಿತ ಕೇಳಲಿಲ್ಲ ನೋಡು.”

ತುಳಸಮ್ಮನವರು ಗಲ್ಲದ ಮೇಲೆ ಕೈ ಇಟ್ಟುಕೊಂಡರು. ಗೋಪಾಲಕೃಷ್ಣ ಹಿಂದಕ್ಕೆ ತಿರುಗಿ ಏನು ಹೇಳಿದರೂ ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತೆಕ್ಕಲಕೋಟೆ ಬರುವಷ್ಟರಲ್ಲಿ ಅಂಬತ್ತೆ, ಹೆತ್ತ ಮಗನನ್ನು ಇನ್ನೊಬ್ಬರ ಮಡಿಲಿಗೆ ಹಾಕಿದ ಯಾವುದೋ ಭಾರದ್ವಾಜ ಗೋತ್ರದ ಅಜ್ಜಿಗಾಗಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಸಿರುಗುಪ್ಪದ ಅಕ್ಕಿ ಗಿರಣಿಗಳು ಕಾಣುವ ಹೊತ್ತಿಗೆ ದತ್ತಕದ ವಿಷಯದಲ್ಲಿ ಅವರಷ್ಟು ಗಟ್ಟಿ ಸಾಕ್ಷಿ ಜಿಲ್ಲೆಯಲ್ಲೇ ಇರಲಿಲ್ಲ. ಪಕ್ಕದಲ್ಲಿ ಕೂತ ಶ್ರೀವಾಣಿ ಕಿಟಕಿಯ ಕಡೆ ಮುಖ ಮಾಡಿದವಳು ಈ ಕಡೆ ತಿರುಗಲೇ ಇಲ್ಲ.

ಆಚಾರ್ಯರ ಮನೆಯ ಪಡಸಾಲೆಯಲ್ಲಿ ಎಲ್ಲರೂ ಕಾಯುತ್ತಿದ್ದರು.  ಹನುಮೇಶಾಚಾರ್ಯರು ಎದ್ದು, “ಹುಡುಗಿ ತಂದಿ ಒಳಗ ಬರಲಿ. ಉಳಿದವರು ಇಲ್ಲೇ ಇರ್ರಿ,” ಎಂದರು. ಗೋಪಾಲಕೃಷ್ಣ ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದರಿಂದ ನಾನೂ ಒಳಗೆ ಹೋಗಬೇಕಾಯಿತು. ಆಚಾರ್ಯರು ಕೋಣೆಯ ಬಾಗಿಲು ಹಾಕಿ ಚಿಲಕ ಜಡಿದರು. ಏನಿದು, ಹೊಡೆಯುತ್ತಾರೋ ಏನೋ ಎಂದು ನಾನು ಕಿಟಕಿಯ ಕಡೆ ಸರಿದು ನಿಂತೆ.

“ತ್ರಿವಿಕ್ರಮರಾಯನ ತಮ್ಮ ಶಾಮರಾಯ,” ಎಂದರು ಆಚಾರ್ಯರು ತಗ್ಗಿದ ದನಿಯಲ್ಲಿ. “ಅಣ್ಣನ ಜೋಡಿ ಯಾಕ ಮಾತು ಬಿಟ್ಟಿದ್ದ?”

ಗೋಪಾಲಕೃಷ್ಣ ಬಿಳುಚಿಕೊಂಡ. “ತಂಗಿ ಲಗ್ನದ ಸಲುವಾಗಿ ರೀ. ಅಣ್ಣ ಕೊಟ್ಟ ಮಾತು ಮುರಿದ ಅಂತ.”

“ಹಂಗೋ. ಮತ್ತ ದೇವರ ಮನಿ ಕೀಲಿಕೈ ಸೊಸಿ ಕೈಗೆ ಹೆಂಗ ಬಂತು?”

“ಅದು ಎರಡನೇ ಭಾಗದಾಗ...” ಎಂದವನು ಅಲ್ಲೇ ತಡೆದ. “ತಮ್ಮನ ವಿಷಯ ನಾ ನಿಮಗ ಹೇಳೇ ಇಲ್ಲಲ್ರಿ. ನೀವು ಓದೀರೇನ್ರಿ?”

ಹನುಮೇಶಾಚಾರ್ಯರು ಕಪಾಟು ತೆಗೆದು, ಸಾಲಾಗಿ ನಿಂತ ಸಂಸ್ಕೃತ ಗ್ರಂಥಗಳ ಹಿಂದೆ ಕೈ ಹಾಕಿ, ಕೆಂಪು ಬಟ್ಟೆಯ ರಟ್ಟಿನ ಒಂದು ಪುಸ್ತಕ ಹೊರಗೆ ತೆಗೆದರು. ಮೂರನೆಯ ಭಾಗ.

“ಇದೊಂದ ಓದೀನಿ. ಕಣ್ಣು ತೋರಿಸ್ಲಿಕ್ಕೆ ಬಳ್ಳಾರಿಗೆ ಬಂದಾಗ ತಂದಿದ್ದು, ಆಗ ಇದೊಂದಕ್ಕ ರಟ್ಟು ಹಾಕಿ ಆಗಿತ್ತು. ಆಮ್ಯಾಲೆ ಕೇಳಿದ್ರ, ಮೊದಲಿನ ಎರಡೂ ಯಾರೋ ಒಯ್ದಾರ, ತಿರುಗಿ ಕೊಡವಲ್ರು ಅಂದ ನಬೀಸಾಬ್. ಆ ಮಹಾರಾಯರು ನೀವೇ ಏನು?” ಅವರ ದನಿಯಲ್ಲಿ ನಿಜವಾದ ಸಿಟ್ಟಿತ್ತು. “ಕೊಂದವರು ಯಾರು ಅಂತ ನನಗ ಗೊತ್ತದ. ಯಾಕ ಕೊಂದ್ರು ಅನ್ನೋದು ತಿಳಿಯವಲ್ಲದು. ಚಳಿಗಾಲದಿಂದ ನಿದ್ದಿ ಇಲ್ಲ ನನಗ. ನಿಶ್ಚಯದ ದಿನ ನೀವು ಆ ಹೆಸರು ಅಂದ ಕೂಡ್ಲೇ ಗುರುತು ಸಿಕ್ತು. ಮಂದಿ ಮುಂದ ಹೆಂಗ ಕೇಳ್ಲಿ?”

ನನಗೆ ತಡೆಯಲಾಗದಷ್ಟು ಕೋಪ ಬಂತು. ಈ ಮನುಷ್ಯನಿಗೆ ಮೊದಲ ದಿನವೇ ಎಲ್ಲ ಗೊತ್ತಿತ್ತು. ಕಾದಂಬರಿ ಓದುತ್ತೇನೆ ಎಂದು ಹೇಳಿಕೊಳ್ಳಲು ನಾಚಿಕೆಯಾಗಿ ಆ ಹುಡುಗಿಯನ್ನು ಇಷ್ಟು ದಿನ ಅಳಿಸಿದ್ದರು. ಹೇಳಿಯೇಬಿಡೋಣ ಎಂದು ಬಾಯಿ ತೆರೆದೆ, ಆದರೆ ಅವರಿಬ್ಬರೂ ಆಗಲೇ ಮಂಚದ ಮೇಲೆ ಎದುರುಬದುರು ಕೂತು ಕಥೆಗೆ ಇಳಿದಿದ್ದರು. ಗೋಪಾಲಕೃಷ್ಣ ಮಗಳ ಮದುವೆ ಮರೆತ, ಗೋತ್ರ ಮರೆತ. ಅವನ ದನಿ ಏರುತ್ತ ಹೋಯಿತು.

“ಸೊಸಿ ಹಾಲಿನಾಗ ಏನೋ ಕಲಸಿದ್ದು ಖರೇ. ಆದ್ರ ತ್ರಿವಿಕ್ರಮರಾಯ ಆವತ್ತು ಹಾಲು ಕುಡೀಲಿಲ್ಲ.”

“ಯಾಕ ಕುಡೀಲಿಲ್ಲ?”

“ಎರಡನೇ ಸಂಸಾರದ ಮನ್ಯಾಗ ಊಟ ಮಾಡಿ ಬಂದಿದ್ರಿ. ಅದು ಯಾರಿಗೂ ಗೊತ್ತಿದ್ದಿಲ್ಲ.”

ಹೊರಗಿನ ಪಡಸಾಲೆಗೆ ಎಲ್ಲ ಕೇಳಿಸುತ್ತಿದೆ ಎಂಬುದನ್ನು ಇಬ್ಬರೂ ಮರೆತಿದ್ದರು. ಗೋಪಾಲಕೃಷ್ಣ ಎರಡೂ ಭಾಗ ಮುಗಿಸಿ ಉಸಿರು ಬಿಟ್ಟು, “ನಂದು ಆತು. ಇನ್ನ ನೀವು ಹೇಳ್ರಿ. ತಳ್ಳಿದವರು ಯಾರು?” ಎಂದ. ಆಚಾರ್ಯರು ಅವನ ಕಡೆ ಬಾಗಿ ಬಾಯಿ ತೆರೆದರು. ಅಷ್ಟರಲ್ಲಿ ಬಾಗಿಲು ಅದುರುವ ಹಾಗೆ ಬಡಿತ ಬಿತ್ತು.

“ಲೇ ಗೋಪ್ಯಾ, ನಮ್ಮಪ್ಪಗ ಎರಡನೇ ಸಂಸಾರ ಇತ್ತೇನಲೇ? ಬಾಗಲಾ ತೆಗಿ.”

ನಾನೇ ಚಿಲಕ ತೆಗೆದೆ. ಅಂಬತ್ತೆ, ತುಳಸಮ್ಮನವರು, ಸುಧಾರಾಣಿ, ಅವರ ಹಿಂದೆ ವೇದವ್ಯಾಸ ಮತ್ತು ಶ್ರೀವಾಣಿ ಬಾಗಿಲಲ್ಲಿ ನಿಂತಿದ್ದರು. ಎಲ್ಲರ ಕಣ್ಣು ಆಚಾರ್ಯರ ಕೈಯಲ್ಲಿದ್ದ ಪುಸ್ತಕದ ಮೇಲೆ ಬಿತ್ತು. ಅದು ತೆರೆದೇ ಇತ್ತು, ಕಾದಂಬರಿ ಎಂಬುದು ದೂರದಿಂದಲೂ ಕಾಣುತ್ತಿತ್ತು. “ಮಾವನವರ, ಅದೇನ್ರಿ ಕೈಯಾಗ?” ಎಂದು ಸುಧಾರಾಣಿ ಮೆಲ್ಲಗೆ ಕೇಳಿದರು. ರದ್ದಿಗೆ ಹೋದ ನಾಲ್ಕು ಕಾದಂಬರಿಗಳೂ ಆ ಪ್ರಶ್ನೆಯಲ್ಲಿದ್ದವು.

ಹನುಮೇಶಾಚಾರ್ಯರ ಮುಖ ಸುಣ್ಣದ ಹಾಗಾಯಿತು.  ಈ ಮನೆಯಲ್ಲಿ ಒಮ್ಮೆ ಹಾಸ್ಯಕ್ಕೀಡಾದರೆ ಆ ಮನುಷ್ಯ ನಾಚಿಕೆಯಿಂದ ನಮ್ಮನ್ನೆಲ್ಲ ಹೊರಗೆ ಅಟ್ಟಿ, ಈ ಸಂಬಂಧದ ಹೆಸರೇ ಎತ್ತಕೂಡದು ಎಂದುಬಿಡುತ್ತಾರೆ ಎನ್ನುವುದರಲ್ಲಿ ನನಗೆ ಅನುಮಾನ ಇರಲಿಲ್ಲ. ಗೋಪಾಲಕೃಷ್ಣ ಅವರನ್ನು ನೋಡಿದ, ಆಮೇಲೆ ಬಾಗಿಲಲ್ಲಿದ್ದ ಮಗಳನ್ನು ನೋಡಿದ. ಕೈ ಚಾಚಿ ಆಚಾರ್ಯರ ಕೈಯಿಂದ ಪುಸ್ತಕ ತೆಗೆದುಕೊಂಡ.

“ಇದು ನಂದು,” ಎಂದ. “ನಾ ತಂದಿದ್ದೆ. ಆಚಾರ್ರು ನನ್ನ ಕೈಯಿಂದ ಕಸ್ಕೊಂಡು, ಇದೇನು ಅಂತ ವಿಚಾರಣಿ ಮಾಡ್ಲಿಕ್ಕೆ ಹತ್ತಿದ್ರು.”

ತುಳಸಮ್ಮನವರು ಗೋಡೆ ಹಿಡಿದುಕೊಂಡರು.

“ರಾಯರ ಮುಂದ ಮಾಡಿದ ಆಣಿ ಮುರಿದೀನಿ. ತ್ರಿವಿಕ್ರಮರಾಯ ಅನ್ನೋನು ಕಾದಂಬರಿಯೊಳಗಿನ ಮನುಷ್ಯ. ದತ್ತಕ ಸುಳ್ಳು, ಭಾರದ್ವಾಜ ಗೋತ್ರ ಸುಳ್ಳು, ನಮ್ಮಪ್ಪ ಕಿವ್ಯಾಗ ಹೇಳಿದ ಅನ್ನೋದೂ ಸುಳ್ಳು. ನಮ್ಮಜ್ಜನ ಹೆಸರು ಪ್ರಾಣೇಶರಾಯ. ಓದಿನ ಗುಂಗಿನಾಗ ಬಾಯಿಗೆ ಆ ಹೆಸರು ಬಂತು, ಅಂಜಿ ಸುಳ್ಳು ಕಟ್ಟಿದೆ. ಬೈಯೋದಿದ್ರ ನನ್ನ ಬೈಯ್ರಿ. ಹುಡುಗಿಯನ್ನ ಬಿಡಬ್ಯಾಡ್ರಿ.”  ಇಷ್ಟು ವರ್ಷದ ನೆರೆಹೊರೆಯಲ್ಲಿ ಆ ಮನುಷ್ಯನ ಬಗ್ಗೆ ನನಗೆ ಅಷ್ಟು ಗೌರವ ಹುಟ್ಟಿದ್ದು ಅದೇ ಮೊದಲು.

“ಅಂದ್ರ ನಮ್ಮಪ್ಪ ನಮ್ಮವನ ಅನ್ನು,” ಎಂದರು ಅಂಬತ್ತೆ. ಸಮಾಧಾನದ ಜೊತೆ ಸ್ವಲ್ಪ ನಿರಾಸೆಯೂ ಅವರ ದನಿಯಲ್ಲಿತ್ತು.

ಹನುಮೇಶಾಚಾರ್ಯರಿಗೆ ಜೀವ ಬಂತು. ಕೋಲು ಊರಿ ಎದ್ದು ನಿಂತು, ಹಳೆಯ ಹೆಡ್‌ಮಾಸ್ಟರರ ದನಿಯಲ್ಲಿ ತೀರ್ಪು ಕೊಟ್ಟರು. “ತಪ್ಪು ಬಾಯಿಬಿಟ್ಟು ಒಪ್ಕೊಂಡಾರ. ಅಂಥವರ ಮನಿ ಹುಡುಗಿ ನಮಗ ಬೇಕು. ಲಗ್ನ ಆಗಲಿ. ಆದ್ರ ಒಂದು ಶರತ್ತು. ಈ ಕಾದಂಬರಿ ಇನ್ನ ಬೀಗರ ಮನ್ಯಾಗ ಇರಕೂಡದು. ಮೊದಲಿನ ಎರಡು ಭಾಗ ನಾಳೇನ ಇಲ್ಲಿಗೆ ಕಳಿಸ್ರಿ. ಮೂರಕ್ಕೂ ಏನು ಗತಿ ಕಾಣಿಸಬೇಕೋ ನಾನು ಕಾಣಿಸ್ತೀನಿ.” ಹಾಗೆಂದು ಗೋಪಾಲಕೃಷ್ಣನ ಮುಂದೆ ಕೈ ಚಾಚಿದರು.

“ನಾಳೆ ಯಾಕ್ರಿ, ಇವತ್ತ ಕಳಿಸ್ತೀವಿ,” ಎಂದರು ತುಳಸಮ್ಮನವರು.

ಮೂರನೆಯ ಭಾಗ ಗೋಪಾಲಕೃಷ್ಣನ ಕೈಗೆ ಬಂದದ್ದು ಅದೇ ಮೊದಲು. ಅವನ ಹೆಬ್ಬೆರಳು ಕೊನೆಯ ಪುಟಗಳ ಅಂಚಿನ ಮೇಲೆ ಇತ್ತು. ಒಂದು ಪುಟ ತಿರುಗಿಸಿದ್ದರೆ ಸಾಕಿತ್ತು. ಎಲ್ಲರೂ ನೋಡುತ್ತಿದ್ದರು. ಶ್ರೀವಾಣಿ ಅಳುತ್ತ ನಗುತ್ತಿದ್ದಳು. ಗೋಪಾಲಕೃಷ್ಣ ಪುಸ್ತಕವನ್ನು ಆಚಾರ್ಯರ ಕೈಗೆ ಕೊಟ್ಟು ಬೇರೆ ಕಡೆ ತಿರುಗಿ ನಿಂತ.

ಹೊರಡುವಾಗ ಕಾರಿನ ತನಕ ಬಂದ ಆಚಾರ್ಯರನ್ನು ಅವನು ಪಿಸುಮಾತಿನಲ್ಲಿ ಅಂಗಲಾಚಿದ. “ಹೆಸರು ಅಷ್ಟು ಹೇಳಿಬಿಡ್ರಿ.”

“ಧಾರಿ ಆಗಲಿ, ಹೇಳ್ತೀನಿ,” ಎಂದರು ಆಚಾರ್ಯರು. “ಅಲ್ಲೀತನಕ ನಿಮ್ಮ ಬಾಯಾಗ ಏನು ಬರ್ತದೋ ಯಾರಿಗೆ ಗೊತ್ತು.”

ಮದುವೆ ಬಳ್ಳಾರಿಯಲ್ಲೇ ಆಯಿತು. ಪುರೋಹಿತರು ಮುತ್ತಜ್ಜನ ಹೆಸರು ಕೇಳಿದಾಗ ಗೋಪಾಲಕೃಷ್ಣ “ಪ್ರಾಣೇಶರಾಯ” ಎಂದು ಅಡಿಗೆ ಮನೆಯವರೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ. ಧಾರೆ ಮುಗಿದು ಅಕ್ಷತೆ ಬಿದ್ದ ಮೇಲೆ ಹನುಮೇಶಾಚಾರ್ಯರು ಅವನ ಹತ್ತಿರ ಬಂದು ಕಿವಿಯಲ್ಲಿ ಏನೋ ಹೇಳಿದರು. ಗೋಪಾಲಕೃಷ್ಣ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಹೆಣ್ಣು ಕಳಿಸುವ ಸಂಕಟ ಎಂದು ನೋಡಿದವರೆಲ್ಲ ಕಣ್ಣು ಒರೆಸಿಕೊಂಡರು. ನನಗೆ ಮಾತ್ರ ಒಳಗಿನ ವಿಷಯ ಗೊತ್ತಿತ್ತಲ್ಲ. ಊಟಕ್ಕೆ ಪಕ್ಕದಲ್ಲೇ ಕೂತು, “ಹೇಳಿದ್ರಲ್ಲ, ಬಾವಿಗೆ ತಳ್ಳಿದವರು ಯಾರಂತ?” ಎಂದು ಕೇಳಿದೆ.

“ಅದನ್ನ ಹೇಳಲಿಲ್ರಿ ಚಿದಾನಂದಪ್ಪಾರ,” ಎಂದ ಗೋಪಾಲಕೃಷ್ಣ. “ನಿಮ್ಮ ಮಗಳು ಇನ್ನ ನಮ್ಮ ಮನಿ ಮಗಳು, ಆಕಿ ಚಿಂತಿ ನಿಮಗ ಬ್ಯಾಡ ಅಂದ್ರು.”

“ಅದಕ್ಕ ಅಷ್ಟು ಅತ್ರೇನು?”

“ಅರ್ಧ ಅದಕ್ಕ ಅತ್ತೆ ರೀ. ಉಳಿದರ್ಧ, ಅವರು ಅದನ್ನ ಹೇಳಲಿಲ್ಲಲ್ಲ ಅಂತ.”